ಮಿತ ವೆಚ್ಚದಲ್ಲಿ ಕಾವಲು ಕ್ಯಾಮೆರಾ: ಅಂಗಡಿ, ಗೋದಾಮು ಮತ್ತು ಮನೆಗೆ ಯಾವುದು ಸೂಕ್ತ?

ಕಳ್ಳತನ ನಡೆದ ಮರುದಿನ ಬೆಳಿಗ್ಗೆ ಅಂಗಡಿಯ ಮಾಲೀಕರೂ ಪೊಲೀಸ್ ಸಿಬ್ಬಂದಿಯೂ ಪರದೆಯ ಮುಂದೆ ಕುಳಿತಾಗ ಕಂಡುಬರುವ ದೃಶ್ಯ ಬಹುಮಟ್ಟಿಗೆ ಒಂದೇ ಬಗೆಯದಾಗಿರುತ್ತದೆ. ವ್ಯಕ್ತಿಯೊಬ್ಬ ಒಳಬರುತ್ತಾನೆ, ಗಲ್ಲಾಪೆಟ್ಟಿಗೆಯ ಬಳಿ ಬಾಗುತ್ತಾನೆ, ಹೊರಟುಹೋಗುತ್ತಾನೆ. ಅವನ ಟೋಪಿಯ ಬಣ್ಣ ತಿಳಿಯುತ್ತದೆ, ಅಂಗಿಯ ಪಟ್ಟೆ ತಿಳಿಯುತ್ತದೆ, ಮುಖ ಮಾತ್ರ ತಿಳಿಯುವುದಿಲ್ಲ. ಎಂಟು ಕ್ಯಾಮೆರಾಗಳಿದ್ದರೂ ಎಂಟರಲ್ಲಿಯೂ ಕಾಣುವುದು ನೆತ್ತಿಯೇ. ಖರ್ಚು ಮಾಡಿದ ಹಣ ಕಳ್ಳತನ ನಡೆದುದನ್ನು ಖಚಿತಪಡಿಸುವುದಕ್ಕೆ ಮಾತ್ರ ಉಪಯೋಗವಾಗುತ್ತದೆ. ಅದು ಖಾಲಿ ಗಲ್ಲಾಪೆಟ್ಟಿಗೆಯಿಂದಲೇ ತಿಳಿದಿದ್ದ ಸಂಗತಿ.

ಸಣ್ಣ ವರ್ತಕರು ಮತ್ತು ಕಿರು ಉದ್ದಿಮೆದಾರರು ಕ್ಯಾಮೆರಾ ಕೊಳ್ಳುವಾಗ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಎರಡು: ಎಷ್ಟು ಕ್ಯಾಮೆರಾ, ಎಷ್ಟು ಮೆಗಾಪಿಕ್ಸೆಲ್? ಬೆಂಗಳೂರಿನ ಎಸ್.ಪಿ. ರಸ್ತೆಯ ಮಳಿಗೆಗಳಿಂದ ಹಿಡಿದು ತಾಲೂಕು ಕೇಂದ್ರದ ಮೊಬೈಲ್ ಅಂಗಡಿಯವರೆಗೆ ದರಪಟ್ಟಿ ಸಿದ್ಧವಾಗುವುದೂ ಈ ಎರಡು ಅಂಕಿಗಳ ಮೇಲೆಯೇ. ಆದರೆ ಹಣ ಮಿತವಾಗಿರುವಾಗ ಮೊದಲು ನಿರ್ಧರಿಸಬೇಕಾದುದು ಬೇರೆ. ಮುಂದೊಂದು ದಿನ ಆ ಚಿತ್ರ ಯಾವ ಪ್ರಶ್ನೆಗೆ ಉತ್ತರ ಕೊಡಬೇಕು? ಬಂದವನು ಯಾರು ಎಂಬುದಕ್ಕೋ, ಸರಕು ಯಾವಾಗ ಹೊರಹೋಯಿತು ಎಂಬುದಕ್ಕೋ, ಅಥವಾ ಊರಲ್ಲಿಲ್ಲದಾಗ ಮನೆಯ ಬಾಗಿಲು ಭದ್ರವಾಗಿದೆಯೇ ಎಂಬುದಕ್ಕೋ? ಈ ಮೂರಕ್ಕೂ ಬೇಕಾಗುವ ಸಲಕರಣೆ ಒಂದೇ ಅಲ್ಲ.

ಮೊದಲನೆಯ ಪ್ರಶ್ನೆಯೇ ಕಠಿಣವಾದುದು. ಕ್ಯಾಮೆರಾ ಚಿತ್ರದಿಂದ ಅಪರಿಚಿತನೊಬ್ಬನ ಗುರುತು ಹಿಡಿಯಬೇಕಾದರೆ ಅವನು ನಿಂತ ಜಾಗದಲ್ಲಿ ಪ್ರತಿ ಮೀಟರ್ ಅಗಲಕ್ಕೆ 250 ಪಿಕ್ಸೆಲ್‌ಗಳು ಇರಬೇಕೆಂದು 2014ರ ಅಂತರರಾಷ್ಟ್ರೀಯ ಮಾನದಂಡ ಐ.ಇ.ಸಿ. 62676-4 ಸೂಚಿಸಿತು. ಪರಿಚಿತ ವ್ಯಕ್ತಿಯನ್ನು ಇಂಥವನೇ ಎಂದು ಹೇಳುವುದಕ್ಕೆ 125 ಸಾಕು. ಯಾರೋ ಇದ್ದಾರೆ ಎಂಬುದನ್ನು ಮಾತ್ರ ಅರಿಯುವುದಕ್ಕೆ 25 ಸಾಕು. ಮಾರುಕಟ್ಟೆಯಲ್ಲಿ ಅತ್ಯಂತ ಹೆಚ್ಚಾಗಿ ಮಾರಾಟವಾಗುವ 2 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದ ಅಗಲ 1920 ಪಿಕ್ಸೆಲ್. ಇದನ್ನು 250ರಿಂದ ಭಾಗಿಸಿದರೆ ಸುಮಾರು 7.7 ಮೀಟರ್ ದೊರೆಯುತ್ತದೆ. ಎಂದರೆ ಕ್ಯಾಮೆರಾ ಅದಕ್ಕಿಂತ ಅಗಲವಾದ ಪ್ರದೇಶವನ್ನು ನೋಡುತ್ತಿದ್ದರೆ ಅಪರಿಚಿತನ ಗುರುತು ಹಿಡಿಯುವ ಭರವಸೆ ಇಲ್ಲ. ಅಗ್ಗದ ಕ್ಯಾಮೆರಾಗಳೊಂದಿಗೆ ಸಾಮಾನ್ಯವಾಗಿ ಬರುವ 2.8 ಮಿಲಿಮೀಟರ್ ಮಸೂರವು ಸುಮಾರು 100 ಡಿಗ್ರಿ ಅಗಲವನ್ನು ನೋಡುವಂಥದು. ಅದರ ಮುಂದೆ ಕೇವಲ ಮೂರು ಮೀಟರ್, ಅಂದರೆ ಹತ್ತು ಅಡಿ ದೂರದಲ್ಲಿಯೇ ಈ ಮಿತಿ ತಲುಪುತ್ತದೆ. ಅದೇ ಕ್ಯಾಮೆರಾ 6 ಮಿಲಿಮೀಟರ್ ಮಸೂರದೊಂದಿಗೆ ಏಳು ಎಂಟು ಮೀಟರ್ ದೂರದವರೆಗೂ ಕೆಲಸ ಮಾಡುತ್ತದೆ. ನೋಡುವ ಅಗಲ ಕಡಿಮೆಯಾಗುತ್ತದೆ, ನಿಜ. ಬೆಲೆಯಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸವಿರುವುದಿಲ್ಲ. ಹೀಗಿದ್ದೂ ಮಸೂರದ ಅಳತೆಯನ್ನು ಕೇಳಿ ಕೊಳ್ಳುವವರು ವಿರಳ.

ಕ್ಯಾಮೆರಾವನ್ನು ಕೂರಿಸುವ ಎತ್ತರವೂ ಇಷ್ಟೇ ಮುಖ್ಯವಾದುದು. ಕೈಗೆ ಎಟುಕಬಾರದೆಂಬ ಕಾರಣಕ್ಕೆ ಹನ್ನೆರಡು ಅಡಿ ಎತ್ತರದ ಚಾವಣಿಯ ಮೂಲೆಯಲ್ಲಿ ಕ್ಯಾಮೆರಾ ಬಿಗಿಯುವುದು ರೂಢಿ. ಮುಖ 1.6 ಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಂಡರೆ, 3.6 ಮೀಟರ್ ಎತ್ತರದ ಕ್ಯಾಮೆರಾ ಮೂರು ಮೀಟರ್ ದೂರದ ವ್ಯಕ್ತಿಯನ್ನು ಸುಮಾರು 34 ಡಿಗ್ರಿ ಇಳಿಜಾರಿನಲ್ಲಿ ನೋಡುತ್ತದೆ. ಟೋಪಿ ಇದ್ದರೆ ಮುಖ ಮುಗಿಯಿತು. ಎತ್ತರವನ್ನು 2.4 ಮೀಟರಿಗೆ, ಅಂದರೆ ಎಂಟು ಅಡಿಗೆ ಇಳಿಸಿದರೆ ಇಳಿಜಾರು 15 ಡಿಗ್ರಿಗೆ ಬರುತ್ತದೆ. ಪೂರ್ತಿ ಅಂಗಡಿಯನ್ನು ತೋರಿಸುವ ಕ್ಯಾಮೆರಾ ಚಾವಣಿಯಲ್ಲಿರಲಿ. ಬಾಗಿಲಿಗೆ ಎದುರಾಗಿ ಎಂಟು ಅಡಿ ಎತ್ತರದಲ್ಲಿ ಒಂದೇ ಒಂದು ಕ್ಯಾಮೆರಾ ಒಳಬರುವ ಪ್ರತಿಯೊಬ್ಬರ ಮುಖವನ್ನು ಹಿಡಿಯುವಂತಿದ್ದರೆ ಉಳಿದವುಗಳ ಕೆಲಸ ಹಗುರವಾಗುತ್ತದೆ.

ಇಲ್ಲಿ ಇನ್ನೊಂದು ತೊಡಕಿದೆ. ನಮ್ಮ ಅಂಗಡಿಗಳಿಗೆ ಮುಂಭಾಗದಲ್ಲಿ ಗೋಡೆಯಿರುವುದಿಲ್ಲ. ಷಟರ್ ಎತ್ತಿದರೆ ಇಡೀ ರಸ್ತೆಯ ಬಿಸಿಲು ಗಿರಾಕಿಯ ಬೆನ್ನ ಹಿಂದೆ ನಿಲ್ಲುತ್ತದೆ. ಒಳಗಿನಿಂದ ನೋಡುವ ಸಾಧಾರಣ ಕ್ಯಾಮೆರಾಕ್ಕೆ ಅವನ ಮುಖ ಕಪ್ಪು ನೆರಳಾಗಿ ಮಾತ್ರ ಕಾಣುತ್ತದೆ. ಬೆಳಕು ಮತ್ತು ನೆರಳನ್ನು ಒಟ್ಟಿಗೆ ಸರಿದೂಗಿಸುವ ಡಬ್ಲ್ಯು.ಡಿ.ಆರ್. ಎಂಬ ಸೌಲಭ್ಯವಿರುವ ಕ್ಯಾಮೆರಾಗಳುಂಟು. ದರಪಟ್ಟಿಯಲ್ಲಿ 'ಡಿಜಿಟಲ್ ಡಬ್ಲ್ಯು.ಡಿ.ಆರ್.' ಎಂದಷ್ಟೇ ಇದ್ದರೆ ಅದು ಚಿತ್ರವನ್ನು ಕೊಂಚ ತಿಳಿಗೊಳಿಸುವ ಉಪಾಯವೇ ಹೊರತು ನಿಜವಾದ ಸೌಲಭ್ಯವಲ್ಲ; 120 ಡೆಸಿಬೆಲ್ ಎಂದು ನಮೂದಾಗಿರುವುದನ್ನು ಕೇಳಬೇಕು. ನಾಲ್ಕೂ ಕ್ಯಾಮೆರಾಗಳಿಗೆ ಇದು ಬೇಡ. ಬಾಗಿಲಿನ ಕ್ಯಾಮೆರಾ ಒಂದಕ್ಕೆ ಹೆಚ್ಚುವರಿ ಹಣ ತೆತ್ತರೆ ಸಾಕು. ಮಾರಾಟಗಾರರು ನಾಲ್ಕೂ ಒಂದೇ ಬಗೆಯವಾಗಿರುವ ಸಿದ್ಧ ಕಟ್ಟನ್ನು ಮುಂದಿಡುವುದು ವಾಡಿಕೆ. ಅದನ್ನು ಒಡೆದು ಬೇಕಾದಂತೆ ಕೊಡಿರೆಂದು ಕೇಳುವುದರಲ್ಲಿ ಸಂಕೋಚವೇನೂ ಬೇಕಿಲ್ಲ.

ಮೂವತ್ತು ದಿನಗಳ ಲೆಕ್ಕ

ಗೋದಾಮು ಮತ್ತು ಸಣ್ಣ ಕಾರ್ಖಾನೆಗಳಲ್ಲಿ ನಷ್ಟ ಬರುವ ರೀತಿಯೇ ಬೇರೆ. ಬೀಗ ಒಡೆಯುವುದಿಲ್ಲ, ಗದ್ದಲವಾಗುವುದಿಲ್ಲ. ತಾಮ್ರದ ತಂತಿಯ ಒಂದು ಸುರುಳಿ ಈ ವಾರ, ಬೇರಿಂಗಿನ ಎರಡು ಪೆಟ್ಟಿಗೆ ಮುಂದಿನ ವಾರ. ತಿಂಗಳ ಕೊನೆಯಲ್ಲಿ ದಾಸ್ತಾನು ಎಣಿಸಿದಾಗ ಲೆಕ್ಕ ಕೂಡುವುದಿಲ್ಲ. ಆಗ ಹಿಂದಿನ ಚಿತ್ರಗಳನ್ನು ತೆರೆದರೆ ಉಳಿದಿರುವುದು ಕೊನೆಯ ಎಂಟು ಹತ್ತು ದಿನಗಳದು ಮಾತ್ರ; ಹಳೆಯದರ ಮೇಲೆ ಹೊಸದನ್ನು ಬರೆದುಕೊಂಡು ಯಂತ್ರ ತನ್ನ ಪಾಡಿಗೆ ತಾನು ನಡೆದಿರುತ್ತದೆ. ಆದುದರಿಂದ ದಾಸ್ತಾನು ತಪಾಸಣೆ ಎಷ್ಟು ದಿನಗಳಿಗೊಮ್ಮೆ ನಡೆಯುತ್ತದೆಯೋ ಅದಕ್ಕಿಂತ ಹೆಚ್ಚು ದಿನಗಳ ಚಿತ್ರ ಉಳಿಯುವಂತಿರಬೇಕು. ಹೆಚ್ಚು ಜನ ಸೇರುವ ಸಂಸ್ಥೆಗಳಿಗೆ ಅನ್ವಯಿಸುವ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಅಧಿನಿಯಮ, 2017 ಸಹ ಚಿತ್ರಗಳನ್ನು 30 ದಿನ ಕಾಪಾಡಬೇಕೆಂದು ವಿಧಿಸುತ್ತದೆ. ಕಾನೂನಿನ ವ್ಯಾಪ್ತಿಗೆ ಬಾರದ ಸಣ್ಣ ಅಂಗಡಿಗೂ ಇದೇ ಅವಧಿ ಯೋಗ್ಯವಾದ ಅಳತೆ.

ಇದಕ್ಕೆ ಬೇಕಾಗುವ ಹಾರ್ಡ್ ಡಿಸ್ಕ್ ಎಷ್ಟು ಎಂಬುದನ್ನು ಪೆನ್ಸಿಲ್ ಹಿಡಿದು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಮಾಹಿತಿ ಕಳುಹಿಸಿದರೆ ನಾಲ್ಕು ಸೇರಿ 8 ಮೆಗಾಬಿಟ್, ಎಂದರೆ ಒಂದು ಮೆಗಾಬೈಟ್. ದಿನಕ್ಕೆ 86,400 ಸೆಕೆಂಡು. ಆದುದರಿಂದ ದಿನಕ್ಕೆ ಸುಮಾರು 86 ಗಿಗಾಬೈಟ್, ತಿಂಗಳಿಗೆ ಸುಮಾರು 2,600 ಗಿಗಾಬೈಟ್. ಸಿದ್ಧ ಕಟ್ಟಿನೊಂದಿಗೆ ಬರುವ 1 ಟೆರಾಬೈಟ್ ಡಿಸ್ಕ್ ಹನ್ನೆರಡು ದಿನ ತುಂಬುವುದರೊಳಗೆ ಭರ್ತಿಯಾಗುತ್ತದೆ. ಎಚ್.265 ಎಂಬ ಸಂಕೋಚನ ವಿಧಾನವಿರುವ ರೆಕಾರ್ಡರ್ ಕೊಂಡರೆ ಹಳೆಯ ಎಚ್.264ಕ್ಕೆ ಹೋಲಿಸಿದಲ್ಲಿ ಇದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಆಗ 2 ಟೆರಾಬೈಟ್ ಡಿಸ್ಕಿನಲ್ಲಿ ಒಂದು ತಿಂಗಳು ನಿರಾಯಾಸವಾಗಿ ಹಿಡಿಸುತ್ತದೆ. ಡಿಸ್ಕ್ ಹಗಲಿರುಳೂ ಬರೆಯುವುದಕ್ಕಾಗಿಯೇ ತಯಾರಾದ ಕಾವಲು ದರ್ಜೆಯದಾಗಿರಬೇಕು. ಹಳೆಯ ಕಂಪ್ಯೂಟರಿನಿಂದ ಕಿತ್ತ ಡಿಸ್ಕನ್ನು ಹಾಕಿ ಕೆಲವು ನೂರು ರೂಪಾಯಿ ಇಳಿಸಿಕೊಡುವ ಉದಾರಿಗಳೂ ಇದ್ದಾರೆ. ಆ ಉಳಿತಾಯ ಬೇಡ.

ತಂತಿ ಬೇಕೆ, ಬೇಡವೆ? ಈ ಪ್ರಶ್ನೆಯನ್ನು ಬೇಗ ಮುಗಿಸಬಹುದು. ಅಂಗಡಿ ಮತ್ತು ಗೋದಾಮಿಗೆ ತಂತಿಯ ವ್ಯವಸ್ಥೆಯೇ ಸರಿ. ಏಕಾಕ್ಷ ಕೇಬಲ್ ಬಳಸುವ ಡಿ.ವಿ.ಆರ್. ಪದ್ಧತಿ ಅಗ್ಗ. ಹಳೆಯ ಕೇಬಲ್ ಸುಸ್ಥಿತಿಯಲ್ಲಿದ್ದರೆ ಅದನ್ನೇ ಉಳಿಸಿಕೊಂಡು ಕ್ಯಾಮೆರಾ ಮತ್ತು ರೆಕಾರ್ಡರ್ ಮಾತ್ರ ಬದಲಿಸಬಹುದು. ನೆಟ್‌ವರ್ಕ್ ಕೇಬಲ್ ಒಂದರಲ್ಲಿಯೇ ವಿದ್ಯುತ್ತನ್ನೂ ಚಿತ್ರವನ್ನೂ ಸಾಗಿಸುವ ಐ.ಪಿ. ಪದ್ಧತಿ ದುಬಾರಿ, ಮುಂದೆ ವಿಸ್ತರಿಸುವವರಿಗೆ ಅನುಕೂಲ. ಒಂದು ಎಳೆ 100 ಮೀಟರ್ ಮೀರಬಾರದು. ಯಾವ ಪದ್ಧತಿಯಾದರೂ ಕೇಬಲ್ ಶುದ್ಧ ತಾಮ್ರದ್ದೇ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳುವುದು ಕ್ಷೇಮ. ತಾಮ್ರ ಲೇಪಿತ ಅಲ್ಯೂಮಿನಿಯಂ ಕೇಬಲ್ ಹಗಲಿನಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ರಾತ್ರಿ ಕ್ಯಾಮೆರಾದ ಇನ್‌ಫ್ರಾರೆಡ್ ದೀಪಗಳು ಹೊತ್ತಿಕೊಂಡು ವಿದ್ಯುತ್ ಬೇಡಿಕೆ ಏರಿದೊಡನೆ ದೂರದ ಕ್ಯಾಮೆರಾಗಳು ನಂದಿ ಮತ್ತೆ ಏಳತೊಡಗುತ್ತವೆ. ದೋಷ ಕ್ಯಾಮೆರಾದ್ದೆಂದು ಭಾವಿಸಿ ಕ್ಯಾಮೆರಾಗಳನ್ನೇ ಬದಲಾಯಿಸಿದವರುಂಟು.

ಅಂಗಡಿಯ ಮೇಲಂತಸ್ತಿನಲ್ಲಿಯೇ ವಾಸವಿರುವ ಕುಟುಂಬಗಳು ಮನೆಯ ಭಾಗಕ್ಕೆ ವೈ-ಫೈ ಕ್ಯಾಮೆರಾ ಒಂದನ್ನು ಇಟ್ಟುಕೊಳ್ಳಬಹುದು. ಮೊಬೈಲಿನಲ್ಲಿ ನೋಡುವುದಕ್ಕೂ ಬಾಗಿಲಿಗೆ ಬಂದವರೊಡನೆ ಮಾತನಾಡುವುದಕ್ಕೂ ಅದು ಸಾಕು. ಆದರೆ ಚಿತ್ರ ಕ್ಯಾಮೆರಾದೊಳಗಿನ ಮೆಮೊರಿ ಕಾರ್ಡಿನಲ್ಲಿಯೇ ಉಳಿಯುವುದರಿಂದ ಕಳ್ಳ ಕ್ಯಾಮೆರಾವನ್ನೇ ಒಯ್ದರೆ ಸಾಕ್ಷ್ಯವೂ ಅವನೊಂದಿಗೇ ಹೋಗುತ್ತದೆ. ಅಂತರಜಾಲದಲ್ಲಿ ಸಂಗ್ರಹಿಸುವ ಸೌಲಭ್ಯ ಬೇಕೆಂದರೆ ಪ್ರತಿವರ್ಷ ಶುಲ್ಕ ತೆರಬೇಕು. ಆ ವಾರ್ಷಿಕ ಶುಲ್ಕವನ್ನು ಐದು ವರ್ಷಕ್ಕೆ ಗುಣಿಸಿ ಕ್ಯಾಮೆರಾದ ಬೆಲೆಗೆ ಕೂಡಿಸಿ ನೋಡಿದ ಮೇಲೆ ಅಗ್ಗ ಯಾವುದೆಂಬುದನ್ನು ತೀರ್ಮಾನಿಸುವುದು ವರ್ತಕರಿಗೆ ಹೊಸ ವಿದ್ಯೆಯೇನಲ್ಲ. ಅವಿಭಕ್ತ ಕುಟುಂಬಗಳು ಗಮನಿಸತಕ್ಕ ಇನ್ನೊಂದು ಅಂಶವಿದೆ. ಜೊತೆಯಲ್ಲಿ ವಾಸಿಸುವವರ ಒಪ್ಪಿಗೆಯಿಲ್ಲದೆ ಮನೆಯ ವಾಸದ ಭಾಗದೊಳಗೆ ಕ್ಯಾಮೆರಾ ನಡೆಸುವುದು ಅವರ ಖಾಸಗಿತನದ ಉಲ್ಲಂಘನೆಯಾಗುತ್ತದೆಂದು ಕಲ್ಕತ್ತಾ ಉಚ್ಚ ನ್ಯಾಯಾಲಯವು ಸಹಮಾಲೀಕರ ನಡುವಿನ ಪ್ರಕರಣವೊಂದರಲ್ಲಿ 2025ರಲ್ಲಿ ತೀರ್ಪಿತ್ತಿತು. ಸರ್ವೋಚ್ಚ ನ್ಯಾಯಾಲಯ ಅದೇ ವರ್ಷದ ಮೇ ತಿಂಗಳಲ್ಲಿ ಅದರಲ್ಲಿ ಹಸ್ತಕ್ಷೇಪ ಮಾಡಲು ನಿರಾಕರಿಸಿತು. ಬಟ್ಟೆ ಅಂಗಡಿಗಳ ಉಡುಪು ಬದಲಿಸುವ ಕೋಣೆಯ ಕಡೆಗೆ ಕ್ಯಾಮೆರಾ ತಿರುಗಿಸುವುದಂತೂ ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮಿನಡಿ ಅಪರಾಧವಾಗಬಲ್ಲದು.

ಗುಪ್ತಪದ, ಗಡಿಯಾರ, ಪ್ರಮಾಣಪತ್ರ

ಕ್ಯಾಮೆರಾವನ್ನು ಮೊಬೈಲಿಗೆ ಜೋಡಿಸಿದ ಕ್ಷಣದಿಂದ ಅದು ಹೊರಜಗತ್ತಿಗೂ ಒಂದು ಬಾಗಿಲು. 2016ರಲ್ಲಿ 'ಮಿರಾಯ್' ಎಂಬ ದುಷ್ಟ ತಂತ್ರಾಂಶವು ಕಾರ್ಖಾನೆಯಲ್ಲಿ ಇಟ್ಟ ಗುಪ್ತಪದವನ್ನು ಬದಲಾಯಿಸದೆ ಬಿಟ್ಟಿದ್ದ ಕ್ಯಾಮೆರಾ ಮತ್ತು ರೆಕಾರ್ಡರುಗಳನ್ನು ಭಾರಿ ಸಂಖ್ಯೆಯಲ್ಲಿ ವಶಪಡಿಸಿಕೊಂಡು, ಆ ವರ್ಷದ ಅಕ್ಟೋಬರಿನಲ್ಲಿ ಅಮೆರಿಕದ ಹಲವು ಪ್ರಸಿದ್ಧ ಜಾಲತಾಣಗಳನ್ನು ಗಂಟೆಗಟ್ಟಲೆ ಸ್ಥಗಿತಗೊಳಿಸಿತ್ತು. ಕ್ಯಾಮೆರಾ ಜೋಡಿಸಿದ ತಂತ್ರಜ್ಞ ಊರಿನ ಎಲ್ಲ ಅಂಗಡಿಗಳಿಗೂ ಒಂದೇ ಗುಪ್ತಪದ ಕೊಟ್ಟಿರುವುದು ಇಂದಿಗೂ ಅಪರೂಪವಲ್ಲ. ಅವನು ಹೊರಟ ಮರುಗಳಿಗೆಯಲ್ಲಿ ಮಾಲೀಕರು ಅದನ್ನು ಬದಲಿಸಿಕೊಳ್ಳಬೇಕು. ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯವು 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ಅಧಿಸೂಚನೆಯಂತೆ ಸಿ.ಸಿ.ಟಿ.ವಿ. ಕ್ಯಾಮೆರಾಗಳು ಸೈಬರ್ ಸುರಕ್ಷತೆಯ ಪರೀಕ್ಷೆಯಲ್ಲಿಯೂ ತೇರ್ಗಡೆಯಾಗಿ ಭಾರತೀಯ ಮಾನಕ ಬ್ಯೂರೋದ ನೋಂದಣಿ ಪಡೆಯಬೇಕೆಂಬ ನಿಯಮ 2025ರ ಏಪ್ರಿಲ್ 9ರಿಂದ ಜಾರಿಯಲ್ಲಿದೆ. ಪೆಟ್ಟಿಗೆಯ ಮೇಲಿನ 'ಆರ್' ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯನ್ನು ಬ್ಯೂರೋದ 'ಬಿ.ಐ.ಎಸ್. ಕೇರ್' ಆ್ಯಪ್‌ನಲ್ಲಿ ಪರೀಕ್ಷಿಸಿಕೊಳ್ಳಬಹುದು. ಅರ್ಧ ಬೆಲೆಗೆ ದೊರೆಯುವ ಅನಾಮಧೇಯ ಮಾಲಿನ ವಿಷಯದಲ್ಲಿ ಈ ಪರೀಕ್ಷೆ ವಿಶೇಷವಾಗಿ ಅವಶ್ಯಕ.

ಚಿತ್ರ ಸ್ಪಷ್ಟವಾಗಿದ್ದರೂ ನ್ಯಾಯಾಲಯದಲ್ಲಿ ನಿಲ್ಲದೆ ಹೋಗುವ ಪ್ರಸಂಗಗಳಿವೆ. ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ಹಾಜರುಪಡಿಸುವಾಗ ಪ್ರಮಾಣಪತ್ರ ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಪುನರುಚ್ಚರಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಡಿ ಆ ಪ್ರಮಾಣಪತ್ರಕ್ಕೆ ಎರಡು ಭಾಗಗಳಿವೆ. ಒಂದಕ್ಕೆ ಉಪಕರಣದ ಹೊಣೆ ಹೊತ್ತವರೂ ಇನ್ನೊಂದಕ್ಕೆ ತಜ್ಞರೂ ಸಹಿ ಮಾಡಬೇಕು. ಆದುದರಿಂದ ಘಟನೆ ನಡೆದೊಡನೆ ಮೊಬೈಲಿನಿಂದ ಪರದೆಯ ಚಿತ್ರ ತೆಗೆದು ಹಂಚುತ್ತ ಕೂರುವುದಕ್ಕಿಂತ ಮೂಲ ದಾಖಲೆ ಅಳಿಸಿಹೋಗದಂತೆ ರೆಕಾರ್ಡರನ್ನು ರಕ್ಷಿಸಿ ಪೊಲೀಸರಿಗೆ ತಿಳಿಸುವುದು ಮೇಲು. ರೆಕಾರ್ಡರಿನ ಗಡಿಯಾರವನ್ನೂ ಅಲಕ್ಷಿಸುವಂತಿಲ್ಲ. ಒಳಗಿನ ನಾಣ್ಯದಾಕಾರದ ಬ್ಯಾಟರಿ ಮುಗಿದು, ದಿನಾಂಕ ಹಲವು ವರ್ಷ ಹಿಂದಕ್ಕೆ ಸರಿದಿರುವ ಯಂತ್ರಗಳು ಎಷ್ಟೋ ಅಂಗಡಿಗಳಲ್ಲಿ ಯಾರ ಗಮನಕ್ಕೂ ಬಾರದೆ ಓಡುತ್ತಿರುತ್ತವೆ.

ಕ್ಯಾಮೆರಾ ವಿಮೆಗೆ ಬದಲಿಯಲ್ಲ; ವಿಮೆಯೂ ಎಲ್ಲವನ್ನೂ ಭರಿಸುವುದಿಲ್ಲ. ಬಲಪ್ರಯೋಗವಿಲ್ಲದೆ ನಡೆದ ಕಳವಿಗೆ, ಪಾಲಿಸಿಯ ಷರತ್ತು ಹಾಗಿದ್ದಲ್ಲಿ, ಕನ್ನಗಳವು ವಿಮೆಯ ಪರಿಹಾರ ದೊರೆಯುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2004ರಲ್ಲಿಯೇ ಹೇಳಿದೆ. ಹಾಡಹಗಲಿನಲ್ಲಿ ಗಿರಾಕಿಯ ವೇಷದಲ್ಲಿ ಬಂದು ಒಯ್ದ ಮಾಲಿಗೆ ಬಾಗಿಲಿನ ಆ ಒಂದು ಕ್ಯಾಮೆರಾವೇ ಗತಿ.

ಹೀಗಿರುವಾಗ ಕೈಯಲ್ಲಿ 15ರಿಂದ 20 ಸಾವಿರ ರೂಪಾಯಿಗಳಷ್ಟೇ ಇದ್ದರೆ ಎಂಟು ಕ್ಯಾಮೆರಾಗಳ ಆಸೆಯನ್ನು ಬಿಡುವುದು ಒಳ್ಳೆಯದು. ಬಾಗಿಲಿಗೆ ಒಂದು, ಗಲ್ಲಾಪೆಟ್ಟಿಗೆಗೆ ಒಂದು, ಗೋದಾಮಿನ ಸರಕು ಹೊರಹೋಗುವ ದಾರಿಗೆ ಒಂದು. ಮೂರೂ 2 ಮೆಗಾಪಿಕ್ಸೆಲ್. ಉಳಿದ ಹಣ ಡಿಸ್ಕಿಗೆ, ಕೇಬಲಿಗೆ. ರೆಕಾರ್ಡರ್ ಮಾತ್ರ ನಾಲ್ಕರ ಬದಲು ಎಂಟು ಕ್ಯಾಮೆರಾಗಳ ಸಾಮರ್ಥ್ಯದ್ದಾಗಿದ್ದರೆ ಮುಂದಿನ ವರ್ಷ ಸೇರಿಸಿಕೊಳ್ಳುವುದಕ್ಕೆ ದಾರಿ ಇರುತ್ತದೆ. ಅಂಗಡಿಯಲ್ಲಿ ಇನ್ವರ್ಟರ್ ಇದ್ದಲ್ಲಿ ರೆಕಾರ್ಡರನ್ನೂ ಕ್ಯಾಮೆರಾಗಳನ್ನೂ ಅದಕ್ಕೇ ಜೋಡಿಸಬೇಕು. ಹೊರಗಿನ ಮೇನ್ ಸ್ವಿಚ್ ಇಳಿಸಿದರೆ ಕ್ಯಾಮೆರಾ ನಂದುತ್ತದೆ ಎಂಬುದು ಕಳ್ಳರಿಗೂ ಗೊತ್ತು. ರೆಕಾರ್ಡರನ್ನು ಗಲ್ಲಾದ ಕೆಳಗೆ ಎಲ್ಲರಿಗೂ ಕಾಣುವಂತೆ ಇಡದೆ ಬೀಗ ಹಾಕಿದ, ಗಾಳಿಯಾಡುವ ಕಪಾಟಿನಲ್ಲಿ ಇಡಬೇಕು.

ಬಿಲ್ಲನ್ನು ವ್ಯವಹಾರದ ಹೆಸರಿನಲ್ಲಿ ಜಿ.ಎಸ್.ಟಿ. ಸಂಖ್ಯೆಯೊಂದಿಗೆ ಪಡೆದರೆ, ರಾಜಿ ತೆರಿಗೆ ಪದ್ಧತಿಯಲ್ಲಿಲ್ಲದ ನೋಂದಾಯಿತ ವರ್ತಕರು ಅಂಗಡಿಗಾಗಿ ಬಳಸುವ ಸಲಕರಣೆಯ ಮೇಲಿನ ಶೇಕಡಾ 18ರ ತೆರಿಗೆಯನ್ನು ಹೂಡುವಳಿ ತೆರಿಗೆಯಾಗಿ ಹಿಂಪಡೆಯಬಹುದು. ಮನೆಯ ಭಾಗದ ಕ್ಯಾಮೆರಾಕ್ಕೆ ಇದು ಅನ್ವಯಿಸದ ಕಾರಣ ಅದಕ್ಕೆ ಬೇರೆ ಬಿಲ್ಲು ಮಾಡಿಸುವುದು ಸೂಕ್ತ. ಹಣ ಪಾವತಿಸುವ ಮುನ್ನ ಒಂದು ಪರೀಕ್ಷೆ: ರಾತ್ರಿ ಎಂಟರ ನಂತರ ಅಂಗಡಿಯ ದೀಪ ಆರಿಸಿ, ಕೆಲಸದ ಹುಡುಗನೊಬ್ಬನನ್ನು ಟೋಪಿ ಧರಿಸಿ ಬಾಗಿಲಿನಿಂದ ಗಲ್ಲಾದವರೆಗೆ ನಡೆಯುವಂತೆ ಹೇಳಿ, ಆ ದೃಶ್ಯವನ್ನು ರೆಕಾರ್ಡರಿನಿಂದ ಪೆನ್ ಡ್ರೈವಿಗೆ ತೆಗೆದುಕೊಡುವಂತೆ ತಂತ್ರಜ್ಞನನ್ನು ಕೇಳಬೇಕು. ಹುಡುಗನನ್ನು ಅರಿಯದ ನೆರೆಯಂಗಡಿಯವರಿಗೆ ಅದನ್ನು ತೋರಿಸಿ, ನಾಲ್ಕೈದು ಜನರ ನಡುವೆ ಅವನನ್ನು ಗುರುತಿಸುವಂತೆ ಹೇಳಬೇಕು. ಅವರು ಗುರುತಿಸದಿದ್ದರೆ ಬಾಕಿ ಹಣವನ್ನು ತಡೆಹಿಡಿದು ಕ್ಯಾಮೆರಾವನ್ನು ಕೆಳಗಿಳಿಸಲು ಹೇಳಬಹುದು.