ನಡುಹಗಲಿಗೂ ಒಂದು ರೈಲು

ಸನಿವೇಲ್, ಮೌಂಟನ್ ವ್ಯೂ ಕಡೆ ಮಕ್ಕಳಿರುವ ನಮ್ಮ ಹಿರಿಯರನ್ನು ಕೇಳಿ ನೋಡಿ. ಅಮೆರಿಕದಲ್ಲಿ ಕಳೆಯಲಾಗದ ಹೊತ್ತೆಂದರೆ ಬೆಳಗಿನ ಒಂಬತ್ತರಿಂದ ಸಂಜೆ ಐದರವರೆಗಿನದು ಎನ್ನುತ್ತಾರೆ. ಮಗ, ಸೊಸೆ ಆಫೀಸಿಗೆ, ಮೊಮ್ಮಕ್ಕಳು ಶಾಲೆಗೆ. ಇವರಿಗೋ ಅಲ್ಲಿ ಕಾರು ಓಡಿಸುವ ಧೈರ್ಯವಿಲ್ಲ. ಹತ್ತಿರದಲ್ಲೇ ರೈಲು ನಿಲ್ದಾಣವಿದ್ದರೂ ಅದು ಕೆಲಸಕ್ಕೆ ಹೋಗುವವರ ಗಾಡಿ ಎಂಬ ಮಾತು ಬಹುಕಾಲ ನಡೆದುಬಂದಿತ್ತು. ಆ ಮಾತು ಸುಳ್ಳೂ ಆಗಿರಲಿಲ್ಲ.

ಸ್ಯಾನ್ ಫ್ರಾನ್ಸಿಸ್ಕೋದಿಂದ ಸ್ಯಾನ್ ಹೋಸೆಗೆ ಹೋಗುವ ಈ ಹಳಿ 1864ರಷ್ಟು ಹಳೆಯದು. ಬಹುಕಾಲ ಸದರ್ನ್ ಪೆಸಿಫಿಕ್ ಕಂಪನಿಯ ಕೈಯಲ್ಲಿತ್ತು. ಪ್ರಯಾಣಿಕರಿಂದ ನಷ್ಟವೇ ಹೊರತು ಲಾಭವಿಲ್ಲ ಎಂದು ಕಂಪನಿ ಕೈತೊಳೆದುಕೊಳ್ಳಲು ಹೊರಟಾಗ ಸರ್ಕಾರ ವಹಿಸಿಕೊಂಡಿತು. ಅದೇ ಇಂದಿನ ಕ್ಯಾಲ್‌ಟ್ರೇನ್. ಬೆಳಿಗ್ಗೆ ಸಂಜೆ ತುಂಬಿ ತುಳುಕುತ್ತಿದ್ದ ಗಾಡಿ, ಶನಿವಾರ ಭಾನುವಾರ ಬಂತೆಂದರೆ ಗಂಟೆಗೊಂದು. ಒಂದು ತಪ್ಪಿದರೆ ಪ್ಲಾಟ್‌ಫಾರ್ಮಿನಲ್ಲಿ ಒಂದು ಗಂಟೆ ಕೂರಬೇಕು. ಹಾಗೆ ಒಮ್ಮೆ ಕೂತವರು ಮತ್ತೆ ರೈಲಿನ ಹೆಸರೆತ್ತುತ್ತಿರಲಿಲ್ಲ.

2024ರ ಸೆಪ್ಟೆಂಬರ್ 21ರಿಂದ ಲೆಕ್ಕ ಬದಲಾಯಿತು. ಸುಮಾರು 82 ಕಿಲೋಮೀಟರ್ ಹಳಿಯ ಮೇಲೆ ವಿದ್ಯುತ್ ತಂತಿ ಎಳೆದು, ಸ್ಟ್ಯಾಡ್ಲರ್ ಕಂಪನಿಯ ಡಬಲ್ ಡೆಕ್ಕರ್ ರೈಲುಗಳನ್ನು ಪೂರ್ಣ ಪ್ರಮಾಣದಲ್ಲಿ ಓಡಿಸಲು ತೊಡಗಿದರು. ಯೋಜನೆಯ ಒಟ್ಟು ವೆಚ್ಚ 244 ಕೋಟಿ ಡಾಲರ್. ವಾರದ ದಿನಗಳಲ್ಲಿ 104 ಗಾಡಿ, ವಾರಾಂತ್ಯದಲ್ಲಿ ದಿನಕ್ಕೆ 66. ನಡುಹಗಲಾಗಲಿ, ಭಾನುವಾರವಾಗಲಿ, ಅರ್ಧ ಗಂಟೆಗೊಂದು ರೈಲು. ತಂತಿಯಲ್ಲಿ ಹರಿಯುವುದು 25 ಕಿಲೋವೋಲ್ಟ್. ನಮ್ಮ ಬೆಂಗಳೂರು–ಮೈಸೂರು ಮಾರ್ಗದಲ್ಲೂ ಅಷ್ಟೇ. ಸಿಲಿಕಾನ್ ಕಣಿವೆಗೆ ಇದು 2024ರಲ್ಲಿ ಬಂತೆಂದು ನಾವು ಸ್ವಲ್ಪ ಬೀಗಿದರೂ ತಪ್ಪಿಲ್ಲ.

ಗಾಡಿ ಹೆಚ್ಚಿದ್ದು ಹಣದ ಬಲದಿಂದಷ್ಟೇ ಅಲ್ಲ. ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ಲೋಕಲ್‌ಗೆ ಇಪ್ಪತ್ತಕ್ಕೂ ಹೆಚ್ಚು ನಿಲುಗಡೆ. ಡೀಸೆಲ್ ಎಂಜಿನ್ ಪ್ರತಿ ಸಲ ನಿಂತು ಮತ್ತೆ ವೇಗ ಹಿಡಿಯುವಷ್ಟರಲ್ಲಿ ಏದುಸಿರು ಬಿಡುತ್ತಿತ್ತು. ತುದಿಯಿಂದ ತುದಿಗೆ 100 ನಿಮಿಷ. ವಿದ್ಯುತ್ ರೈಲಿನಲ್ಲಿ ಹಲವು ಬೋಗಿಗಳ ಕೆಳಗೆ ಮೋಟಾರುಗಳಿರುವುದರಿಂದ ಥಟ್ಟನೆ ವೇಗ ಏರುತ್ತದೆ. ಅದೇ ದಾರಿಗೆ ಈಗ 80 ನಿಮಿಷವೂ ಬೇಡ. ಬೇಗ ತಲುಪಿದ ಗಾಡಿ, ಅದೇ ಚಾಲಕ, ಬೇಗ ಹಿಂದಿರುಗುತ್ತಾರೆ. ಅಂದರೆ ಅಷ್ಟೇ ಗಾಡಿಗಳಲ್ಲಿ ಹೆಚ್ಚು ಸುತ್ತು. ಅದೂ ಅಲ್ಲದೆ, ಬೆಳಗಿನ ದಟ್ಟಣೆಗೆಂದು ಕೊಂಡ ರೈಲುಗಳು ಮಧ್ಯಾಹ್ನ ಯಾರ್ಡಿನಲ್ಲಿ ನಿಂತರೂ ಅವುಗಳ ಸಾಲದ ಬಡ್ಡಿಯೇನೂ ನಿಲ್ಲುವುದಿಲ್ಲ. ಓಡಿಸಿದರೆ ಹೆಚ್ಚುವರಿ ಖರ್ಚು ಇದ್ದೇ ಇದೆ, ಆದರೆ ಬೆಳಗಿನ ಒಂದು ಹೊಸ ಗಾಡಿಗೆ ತಗಲುವಷ್ಟಲ್ಲ. ಜನವೂ ಬಂದರು. 2025ರ ಮೇ ತಿಂಗಳಲ್ಲಿ ಪ್ರಯಾಣಿಕರ ಸಂಖ್ಯೆ ಹತ್ತು ಲಕ್ಷ ದಾಟಿತು.

ಇಷ್ಟು ಹೊಗಳಿದ ಮೇಲೆ ತೂತುಗಳನ್ನೂ ಹೇಳಬೇಕು.

ಮೊದಲನೆಯದು ಮಿಲ್‌ಬ್ರೇಯಲ್ಲಿ. ವಿಮಾನ ನಿಲ್ದಾಣದಿಂದ ಬರುವವರು ಬಾರ್ಟ್ ರೈಲಿನಲ್ಲಿ ಬಂದು ಇಲ್ಲಿ ಕ್ಯಾಲ್‌ಟ್ರೇನ್ ಹತ್ತಬೇಕು. ಬಾರ್ಟ್ ಓಡುವುದು ಇಪ್ಪತ್ತು ನಿಮಿಷಕ್ಕೊಂದು, ಕ್ಯಾಲ್‌ಟ್ರೇನ್ ಮೂವತ್ತಕ್ಕೊಂದು. ಎರಡೂ ಒಂದೇ ಬಗೆಯಲ್ಲಿ ಎದುರಾಗುವುದು ಗಂಟೆಗೊಮ್ಮೆ. ಒಂದು ಜೋಡಿಗೆ ಸಮಯ ಕೂಡಿಸಿದರೆ ಮುಂದಿನ ಜೋಡಿ ತಪ್ಪುತ್ತದೆ. ವೇಳಾಪಟ್ಟಿ ಮಾಡುವವರು ಎಷ್ಟೇ ಜಾಣರಾದರೂ ಈ ಗಣಿತ ಬಗ್ಗುವುದಿಲ್ಲ. ಎರಡು ಸಂಸ್ಥೆಗಳಲ್ಲಿ ಒಂದು ತನ್ನ ಅಂತರವನ್ನೇ ಬದಲಿಸಬೇಕು. ಹದಿನಾಲ್ಕು ಗಂಟೆ ವಿಮಾನದಲ್ಲಿ ಕಾಲು ಮಡಚಿ ಕೂತು ಬಂದವರಿಗೆ ಇಲ್ಲಿ ಸೂಟ್‌ಕೇಸ್ ಹಿಡಿದು ಇನ್ನೂ ಅರ್ಧ ಗಂಟೆ ಕಾಯುವ ಯೋಗ ಒದಗಬಹುದು.

ಎರಡನೆಯದು ದೊಡ್ಡದು. ಸ್ಯಾನ್ ಹೋಸೆಯಾಚೆ ಟೇಮಿಯನ್ ನಿಲ್ದಾಣಕ್ಕೆ ತಂತಿ ಮುಗಿಯುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಹಳಿ ಯೂನಿಯನ್ ಪೆಸಿಫಿಕ್ ಎಂಬ ಸರಕು ಕಂಪನಿಯದು. ಮಾರ್ಗನ್ ಹಿಲ್, ಸ್ಯಾನ್ ಮಾರ್ಟಿನ್, ಬೆಳ್ಳುಳ್ಳಿಗೆ ಹೆಸರಾದ ಗಿಲ್‌ರಾಯ್, ಇವೆಲ್ಲ ಆ ಹಳಿಯ ಮೇಲಿನ ಊರುಗಳು. ಇವಕ್ಕೆ ಸಿಗುವುದು ವಾರದ ದಿನ ನಾಲ್ಕು ಜೋಡಿ ಡೀಸೆಲ್ ಗಾಡಿ: ಬೆಳಿಗ್ಗೆ ಉತ್ತರಕ್ಕೆ, ಸಂಜೆ ದಕ್ಷಿಣಕ್ಕೆ, ಸ್ಯಾನ್ ಹೋಸೆಯಲ್ಲಿ ಇಳಿದು ಬದಲಿಸಬೇಕು. ನಡುಹಗಲು ಇಲ್ಲ, ವಾರಾಂತ್ಯ ಇಲ್ಲ. ಬಾಡಿಗೆ ಕಮ್ಮಿಯೆಂದು ದೂರ ಸರಿದವರು, ಪಾಳಿಯಲ್ಲಿ ದುಡಿಯುವವರು ಇರುವುದು ಈ ಕಡೆಯಲ್ಲೇ. ಅರ್ಧ ಗಂಟೆಗೊಂದು ಗಾಡಿ ಬೇಕಾದವರಿಗೇ ಅದು ದಕ್ಕಿಲ್ಲ. ಬ್ಯಾಟರಿಯಲ್ಲೂ ಓಡಬಲ್ಲ ಒಂದು ರೈಲನ್ನು ಪ್ರಯೋಗಾರ್ಥ ತರಿಸಲು ರಾಜ್ಯ ಸರ್ಕಾರ 8 ಕೋಟಿ ಡಾಲರ್ ಕೊಟ್ಟಿದೆ. ಒಳ್ಳೆಯದೇ. ಆದರೆ ಹಳಿಯ ಒಡೆಯ ಒಪ್ಪದೆ ಗಾಡಿ ಹೆಚ್ಚುವುದಿಲ್ಲ.

ಒಂದೇ ದಿಕ್ಕಿನ ಗಾಡಿಯ ತಮಾಷೆ ನೋಡಬೇಕಾದರೆ ಪಕ್ಕದ ಏಸ್ ರೈಲನ್ನು ನೋಡಬೇಕು. ಅದು ಲಿವರ್‌ಮೋರ್ ಮೂಲಕ ಹೋಗುತ್ತದೆ, ಆ ಊರಿನಲ್ಲಿ ಹೆಸರಾಂತ ಶಿವ–ವಿಷ್ಣು ದೇವಸ್ಥಾನವಿದೆ. ಗಾಡಿಗಳು ಬೆಳಿಗ್ಗೆ ಸ್ಯಾನ್ ಹೋಸೆಯತ್ತ, ಮಧ್ಯಾಹ್ನದ ಮೇಲೆ ಅಲ್ಲಿಂದ ಹಿಂದಕ್ಕೆ. ಸ್ಯಾನ್ ಹೋಸೆಯ ಭಕ್ತರು ಸಂಜೆಯ ಮಂಗಳಾರತಿಗೆ ರೈಲಿನಲ್ಲಿ ಹೋಗಬಹುದು. ವಾಪಸ್ ಬರಲು ಮಾರನೆಯ ಬೆಳಗಾಗಬೇಕು.

ಇದನ್ನು ಬೆಂಗಳೂರಿನವರೂ ಗಮನಿಸಬೇಕು. 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದ ನಮ್ಮ ಉಪನಗರ ರೈಲು ಯೋಜನೆ 148 ಕಿಲೋಮೀಟರಿನದು, ಅಂದಾಜು 15,767 ಕೋಟಿ ರೂಪಾಯಿಯದು. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ನಾಲ್ಕು ಕಾರಿಡಾರ್‌ಗಳಿಗೂ ಚೆಂದದ ಹೆಸರಿಟ್ಟಿದ್ದಾರೆ. ಪತ್ರಿಕೆಗಳಲ್ಲಿ ಬರುವುದೆಲ್ಲ ಭೂಮಿ, ಟೆಂಡರ್, ಗಡುವಿನ ಸುದ್ದಿ. ಮಧ್ಯಾಹ್ನ ಎರಡಕ್ಕೆ ಎಷ್ಟು ನಿಮಿಷಕ್ಕೊಂದು ಗಾಡಿ, ಆಸ್ಪತ್ರೆಗೆ ಹೋದವರು, ಮನೆಕೆಲಸ ಮುಗಿಸಿದವರು, ರಾತ್ರಿ ಪಾಳಿ ಬಿಟ್ಟವರು ಯಾವುದನ್ನು ಹತ್ತಬೇಕು ಎಂದು ಕೇಳಿದವರು ಕಡಿಮೆ. ವೇಳಾಪಟ್ಟಿಯ ವಿಚಾರ ಹಳಿ ಹಾಕಿದ ಮೇಲೆ ಎನ್ನುವುದು ತಪ್ಪು. ಹಳಿ ಯಾರದು, ಎಷ್ಟು ಜೋಡಿ ಎಂಬುದರಲ್ಲೇ ಅದು ಅರ್ಧ ತೀರ್ಮಾನವಾಗಿರುತ್ತದೆ.

ಇನ್ನು ಮಕ್ಕಳ ಮನೆಗೆ ಹೊರಟಿರುವ ಹಿರಿಯರಿಗೆ: ಕ್ಯಾಲ್‌ಟ್ರೇನ್‌ನಲ್ಲಿ 65 ದಾಟಿದವರಿಗೆ ಅರ್ಧ ದರ, ವಯಸ್ಸಿನ ದಾಖಲೆ ಜೊತೆಯಲ್ಲಿರಲಿ. ಮೊಮ್ಮಕ್ಕಳು ಹದಿನೆಂಟರೊಳಗಿದ್ದರೆ ಒಂದು ಡಾಲರ್. ಶನಿವಾರ ಗಿಲ್‌ರಾಯ್ ನೋಡಬೇಕೆನಿಸಿದರೆ ರೈಲು ಸಿಗದು. ಸ್ಯಾನ್ ಹೋಸೆಯಲ್ಲಿಳಿದು 68ನೇ ನಂಬರಿನ ಬಸ್ಸು ಹಿಡಿಯಿರಿ.