ನೆಲದಡಿಯ ಬಿರುಕುಗಳು

ಶ್ರೀರಂಗಪಟ್ಟಣದ ಗದ್ದೆಬಯಲನ್ನು ನೋಡಿದವರಿಗೆ ನೀರಿನ ಕೊರತೆಯೆಂಬುದು ದೂರದ ಮಾತಾಗಿ ತೋರುವುದು. ಕಾವೇರಿಯು ಪಟ್ಟಣವನ್ನು ಬಳಸಿ ಹರಿಯುತ್ತಾಳೆ; 1911ರಲ್ಲಿ ಕೆಲಸ ತೊಡಗಿದ ಕನ್ನಂಬಾಡಿಯ ಕಟ್ಟೆಯಿಂದ ಹೊರಟ ಕಾಲುವೆಯು ಪಾಂಡವಪುರದ ಹೊಲಗಳಿಗೂ ನೀರೂಡುತ್ತದೆ. ಕೃಷ್ಣರಾಜಪೇಟೆಗೆ ಹೇಮಾವತಿಯ ಆಸರೆಯುಂಟು. ಆದರೆ ನಾಗಮಂಗಲದತ್ತ ಸಾಗಿದಂತೆ ಬೇಸಾಯವು ಮಳೆ, ಕೆರೆ ಮತ್ತು ಕೊಳವೆಬಾವಿಗಳನ್ನೇ ಹೆಚ್ಚಾಗಿ ನಂಬಿದೆ. ಬಾವಿ ಬತ್ತಿದಾಗ ಅಲ್ಲಿಯ ರೈತನು ಸಾಲಮಾಡಿ ಇನ್ನೂ ಆಳಕ್ಕೆ ಕೊರೆಯಿಸುತ್ತಾನೆ. ಆಳ ಹೆಚ್ಚಿದರೆ ನೀರೂ ಹೆಚ್ಚುವುದೇ? ಶಿಲೆಯ ಸ್ವಭಾವವು ಇದಕ್ಕೆ ಕೊಡುವ ಉತ್ತರವನ್ನು ವಿಚಾರಮಾಡೋಣ.

ಈ ನಾಲ್ಕು ತಾಲ್ಲೂಕುಗಳ ಅಡಿಯಲ್ಲಿ ಬಹುಮಟ್ಟಿಗೆ ಹರಡಿರುವುದು ಸುಮಾರು 300 ಕೋಟಿ ವರ್ಷಗಳಷ್ಟು ಪುರಾತನವಾದ ನೈಸ್ ಎಂಬ ಗಟ್ಟಿಶಿಲೆ. ಮರಳಿನಲ್ಲಿರುವಂತೆ ಇದರ ಕಣಗಳ ನಡುವೆ ತೆರಪಿಲ್ಲ. ಮೇಲ್ಭಾಗದಲ್ಲಿ ಬಿಸಿಲುಮಳೆಗಳಿಗೆ ಸಡಿಲಗೊಂಡ ಪದರವೇ ನೀರಿನ ಕಣಜ. ಅದರ ಕೆಳಗೆ ನೀರು ನಿಲ್ಲುವುದೂ ಹರಿಯುವುದೂ ಬಿರುಕುಗಳಲ್ಲಿ ಮಾತ್ರ. ಬಿರುಕಿನ ಅಗಲವು ಅರ್ಧಕ್ಕೆ ಇಳಿದರೆ ಅದರಲ್ಲಿ ಹರಿಯುವ ನೀರು ಅರ್ಧಕ್ಕಲ್ಲ, ಎಂಟನೆಯ ಒಂದು ಪಾಲಿಗೆ ಇಳಿಯುವುದು. ಆದುದರಿಂದ ಕೂದಲೆಳೆಯಷ್ಟು ಬಿಗಿತವೂ ಅಲ್ಪವಲ್ಲ.

ಈ ಬಿಗಿತ ಬರುವುದು ಹೇಗೆ? 100 ಮೀಟರು ಆಳದಲ್ಲಿ ಅಡ್ಡಲಾಗಿ ಮಲಗಿರುವ ಒಂದು ಬಿರುಕನ್ನು ಭಾವಿಸಿಕೊಳ್ಳೋಣ. ಮೇಲಿನ ಶಿಲೆಯು ಅದರ ಪ್ರತಿಯೊಂದು ಚದರ ಸೆಂಟಿಮೀಟರಿನ ಮೇಲೂ ಸುಮಾರು 27 ಕಿಲೋಗ್ರಾಮು ಭಾರ ಹೇರಿದೆ. ನೆಲದ ಮಟ್ಟದವರೆಗೂ ನೀರು ತುಂಬಿದ್ದರೆ, ಆ ನೀರು ಒಳಗಿನಿಂದ 10 ಕಿಲೋಗ್ರಾಮಿನಷ್ಟು ಎದುರೊತ್ತುವುದು. ಬಿರುಕನ್ನು ಮುಚ್ಚಲೆಳಸುವುದು ಉಳಿದ 17 ಮಾತ್ರ. ಪಂಪು ನೀರನ್ನೆಲ್ಲ ಸೆಳೆದೊಡನೆ 27ರ ಪೂರ್ಣಭಾರವೂ ಬಿರುಕಿನ ತುಟಿಗಳ ಮೇಲೆ ಬೀಳುವುದು. ಈ ಲೆಕ್ಕದ ತತ್ತ್ವವನ್ನು ಕಾರ್ಲ್ ಟೆರ್ಜಾಗಿ ಎಂಬ ವಿದ್ವಾಂಸನು 1920ರ ದಶಕದಲ್ಲಿ ಮಣ್ಣಿನ ವಿಷಯವಾಗಿ ಸ್ಥಾಪಿಸಿದನು. ಬಾವಿ ಬತ್ತಲು ನೀರು ತೀರುವುದೇ ಮುಖ್ಯ ಕಾರಣವೆಂಬುದು ದಿಟ. ಬಿರುಕಿನ ಬಿಗಿತವು ಅದರ ಬೆನ್ನಿಗೆ ಬರುವ ಎರಡನೆಯ ಕಾರಣ.

ಕಲ್ಲಿದ್ದಲಿನ ಪದರಗಳಲ್ಲಿಯೂ ಇದೇ ನ್ಯಾಯ ನಡೆಯುವುದು; ಆದರೆ ಅಲ್ಲಿ ಒಂದು ವಿಶೇಷವುಂಟು. ಝರಿಯಾ, ರಾಣಿಗಂಜ್ ಮೊದಲಾದ ಗಣಿನಾಡುಗಳ ಕಲ್ಲಿದ್ದಲು ಮೀಥೇನ್ ಅನಿಲವನ್ನು ತನ್ನ ಮೈಗೆ ಅಂಟಿಸಿಕೊಂಡಿರುತ್ತದೆ. ಒತ್ತಡ ತಗ್ಗಿದಾಗ ಮೊದಲು ಬಿರುಕುಗಳು ಬಿಗಿಯುವುವು. ಅನಿಲವು ಬಿಟ್ಟುಹೋದಂತೆಲ್ಲ ಕಲ್ಲಿದ್ದಲೇ ಕುಗ್ಗಿ, ಬಿರುಕುಗಳು ಮತ್ತೆ ಅಗಲವಾಗುವುದೂ ಉಂಟು. ನಮ್ಮ ನೈಸ್ ಶಿಲೆಗೆ ಈ ಗುಣವಿಲ್ಲ. ನೀರು ಹೋದರೆ ಅದು ತಾನಾಗಿ ಕುಗ್ಗಿ ಹಾದಿ ಬಿಡದು.

ಹೀಗಿರಲು, ಆಳಕ್ಕೆ ಇಳಿದಷ್ಟೂ ಭಾರ ಹೆಚ್ಚಿ, ಬಿರುಕುಗಳು ಸಾಮಾನ್ಯವಾಗಿ ವಿರಳವೂ ಕಿರಿದೂ ಆಗುವುವು. ಎಲ್ಲಿಯೋ ಒಂದು ದೊಡ್ಡ ಸೀಳು ಸಿಕ್ಕಿ ಬಾವಿ ಉಕ್ಕುವುದುಂಟು. ಆದರೆ ಅದನ್ನು ನಂಬಿ ಮನೆಯ ಒಡವೆಯನ್ನು ಒತ್ತೆಯಿಡುವುದು ಜೂಜಿಗೆ ಸಮಾನ. ಸಮಾಧಾನದ ಸಂಗತಿಯೂ ಒಂದಿದೆ: ನೀರು ಮರಳಿ ತುಂಬಿದರೆ, ಬಿಗಿದ ಬಿರುಕು ಬಹುಮಟ್ಟಿಗೆ ಸಡಿಲುವುದು. ತುಂಬಿದ ಕೆರೆಯು ಸುತ್ತಲಿನ ನೆಲದೊಳಕ್ಕೆ ನೀರನ್ನು ಇಳಿಸುವುದಲ್ಲದೆ, ಆ ನೀರಿನ ಹಾದಿಯನ್ನೂ ತೆರೆದಿಡುವುದು. ತೊಣ್ಣೂರಿನಂತಹ ಹಿರಿಯ ಕೆರೆಗಳನ್ನು ಕಟ್ಟಿದ ಪೂರ್ವಿಕರಿಗೆ ಈ ಲೆಕ್ಕ ತಿಳಿಯದಿದ್ದರೂ ಅದರ ಫಲ ದೊರೆಯಿತು. ಲೆಕ್ಕ ಬಲ್ಲ ನಾವು ಕೆರೆಯ ಹೂಳೆತ್ತುವುದನ್ನು ಮರೆತು ಕೊರೆಯುವುದನ್ನೇ ನೆಚ್ಚಿದರೆ, ಅರಿತೂ ಅರಿಯದವರಾದಂತೆಯೇ ಸರಿ.