ಪಿಕ್‌ಅಪ್ ಗಾಡಿಯ ತಗ್ಗಿದ ಮೂತಿಯೂ ಚಾಲಕನ ಬೆನ್ನೂ

ನಾಗಪುರದ ನೈಋತ್ಯ ಭಾಗದ ಪ್ರತಾಪ ನಗರದಲ್ಲಿ ಸಂಜೆಯ ಹೊತ್ತು ರಸ್ತೆಯ ಬದಿಗೆ ಸ್ವಲ್ಪ ಕಾಲ ನಿಂತವರಿಗೆ ಒಂದು ಸಂಗತಿ ಕಣ್ಣಿಗೆ ಬೀಳದಿರದು. ಸರಕನ್ನಿಳಿಸಿ ಬರಿದಾಗಿ ಮರಳುವ ಪಿಕ್‌ಅಪ್ ಗಾಡಿಗಳು, ಕೆರೆಯಂಚಿನಲ್ಲಿ ನೀರು ಕುಡಿಯಲು ಬಾಗಿದ ಎತ್ತುಗಳಂತೆ, ಮೂತಿಯನ್ನು ತಗ್ಗಿಸಿ ಹಿಂಭಾಗವನ್ನು ಮೇಲೆತ್ತಿಕೊಂಡು ಸಾಗುತ್ತವೆ. ಇದು ಗಾಡಿಯ ದೋಷವಲ್ಲ. ತಯಾರಕರು ತಿಳಿದೇ ಇಟ್ಟಿರುವ ವಾಲು. ಕಾಟೋಲ್, ವರೂಡಗಳ ಕಡೆಯಿಂದ ಕಿತ್ತಳೆಯ ಕ್ರೇಟುಗಳನ್ನು ಹೇರಿಕೊಂಡು ಹೊರಟಾಗ ಆ ಭಾರವೆಲ್ಲ ಬಹುಮಟ್ಟಿಗೆ ಹಿಂದಿನ ಗಾಲಿಗಳ ಮೇಲೆಯೇ ಬೀಳುವುದರಿಂದ, ಆಗ ಹಿಂಭಾಗ ಕುಗ್ಗಿ ಗಾಡಿ ಸಮತಟ್ಟಾಗಿ ನಿಲ್ಲಲೆಂಬುದು ಅದರ ಉದ್ದೇಶ.

ಹೀಗಿದ್ದರೂ ಇತ್ತೀಚಿನ ವರ್ಷಗಳಲ್ಲಿ ಪಿಕ್‌ಅಪ್ ಗಾಡಿಯನ್ನು ಸರಕಿಗಾಗಿಯಲ್ಲದೆ ಸಂಸಾರದ ಓಡಾಟಕ್ಕಾಗಿ ಕೊಳ್ಳುವವರು ಕಾಣಿಸಿಕೊಂಡಿದ್ದಾರೆ. ಇಸುಜು ವಿ-ಕ್ರಾಸ್, ಟೊಯೋಟ ಹೈಲಕ್ಸ್ ಮುಂತಾದವು ಈ ಬಗೆಯವು. ಎಂದೂ ಭಾರ ಹೊರದ ಇಂಥ ಗಾಡಿಯ ಒಡೆಯನಿಗೆ ತಗ್ಗಿದ ಮೂತಿ ಸೊಗಸೆನಿಸುವುದಿಲ್ಲ. ಮುಂಭಾಗವನ್ನು ಒಂದೆರಡು ಅಂಗುಲ ಎತ್ತರಿಸಿ ಹಿಂಭಾಗಕ್ಕೆ ಸಮ ಮಾಡಿಸಿಕೊಳ್ಳಬೇಕೆಂದು ಅವನು ಗ್ಯಾರೇಜಿಗೆ ಹೋಗುತ್ತಾನೆ. ಆಗ ಅವನಿಗೆ ದೊರೆಯುವ ಭರವಸೆಗಳಲ್ಲೊಂದು ಆರೋಗ್ಯಕ್ಕೆ ಸಂಬಂಧಿಸಿದುದು: ‘ಮುಂದೆ ಎತ್ತರಿಸಿದರೆ ಕುಲುಕಾಟ ಕಡಿಮೆಯಾಗುತ್ತದೆ, ಬೆನ್ನುನೋವು ಹೋಗುತ್ತದೆ.’ ಈ ಮಾತು ಎಷ್ಟರಮಟ್ಟಿಗೆ ನಿಜ?

ಕುಳಿತ ಮನುಷ್ಯನ ಶರೀರ ಒಂದು ಗಟ್ಟಿ ದಿಮ್ಮಿಯಲ್ಲ. ಬೆನ್ನೆಲುಬಿನ ಮಣಿಗಳು, ಅವುಗಳ ನಡುವಣ ಮೆತ್ತೆಗಳು, ಹೊಟ್ಟೆಯೊಳಗಿನ ಅಂಗಗಳು ಇವೆಲ್ಲವೂ ಸೇರಿ ಅದೂ ಒಂದು ಬಗೆಯ ಸ್ಪ್ರಿಂಗಿನಂತೆಯೇ ವರ್ತಿಸುತ್ತದೆ. ಮೇಲಕ್ಕೂ ಕೆಳಕ್ಕೂ ಆಗುವ ಕಂಪನ ಸೆಕೆಂಡಿಗೆ 4ರಿಂದ 8 ಸಲ ಇರುವಾಗ ಶರೀರ ಅದಕ್ಕೆ ಅತಿ ಹೆಚ್ಚಾಗಿ ಸ್ಪಂದಿಸುತ್ತದೆ. ಆಸನದ ಅಲುಗಾಟ ಬೆನ್ನೆಲುಬಿನಲ್ಲಿ ಇನ್ನಷ್ಟು ದೊಡ್ಡದಾಗುತ್ತದೆ. ಇಡೀ ಶರೀರಕ್ಕೆ ತಗಲುವ ಕಂಪನವನ್ನು ಅಳೆಯುವ ಅಂತರರಾಷ್ಟ್ರೀಯ ಮಾನಕ ಐ.ಎಸ್.ಓ. 2631 ಮೊದಲು 1974ರಲ್ಲಿ ಪ್ರಕಟವಾಯಿತು. ಯುರೋಪಿನ ಒಕ್ಕೂಟ 2002ರಲ್ಲಿ ಹೊರಡಿಸಿದ ನಿರ್ದೇಶನವು ಎಂಟು ಗಂಟೆಗಳ ದುಡಿಮೆಗೆ ಇಂಥ ಕಂಪನದ ಮಿತಿಯನ್ನೇ ಗೊತ್ತುಪಡಿಸಿದೆ. ವರ್ಷಗಟ್ಟಲೆ ಕಂಪನಕ್ಕೊಡ್ಡಿಕೊಂಡು ಗಾಡಿ ನಡೆಸುವವರಲ್ಲಿ ಸೊಂಟದ ನೋವು ಹೆಚ್ಚೆಂಬುದನ್ನು ವೈದ್ಯರು ಬಹುಕಾಲದಿಂದ ಬಲ್ಲರು. ನಾಗಪುರದ ಸುತ್ತಣ ಕಪ್ಪು ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗಿ ಬಿರಿಯುವಂಥದು. ಅದರ ಮೇಲೆ ಹಾಸಿದ ಹಳ್ಳಿಯ ರಸ್ತೆ ಅಲೆಅಲೆಯಾಗುವುದರಲ್ಲಿ ಆಶ್ಚರ್ಯವಿಲ್ಲ. ನಗರದೊಳಗಿನ ಕಾಂಕ್ರೀಟ್ ರಸ್ತೆಯಿಂದ ಹೊರಬಿದ್ದೊಡನೆ ಚಾಲಕನ ಸೊಂಟಕ್ಕೆ ಆ ವ್ಯತ್ಯಾಸ ಗೊತ್ತಾಗುತ್ತದೆ.

ಆದರೆ ಮೂತಿಯನ್ನು ಎತ್ತುವುದೂ ಕಂಪನವನ್ನು ತಗ್ಗಿಸುವುದೂ ಒಂದೇ ಅಲ್ಲ. ಹೊಸ ಬಗೆಯ ಪಿಕ್‌ಅಪ್‌ಗಳಲ್ಲಿ ಮುಂದೆ ಸುರುಳಿ ಸ್ಪ್ರಿಂಗುಗಳೂ ಹಿಂದೆ ಪಟ್ಟಿ ಸ್ಪ್ರಿಂಗುಗಳೂ ಇರುತ್ತವೆ. ಈ ಎರಡನೆಯದನ್ನೇ ಇಲ್ಲಿನ ಮರಾಠಿ ಮಿಸ್ತ್ರಿಗಳು ‘ಪಾಟಾ’ ಎನ್ನುವುದು. ಸುರುಳಿಯ ತಲೆಯ ಮೇಲೆ ಲೋಹದ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಒಂದು ಬಿಲ್ಲೆಯನ್ನಿಟ್ಟು ಮುಂಭಾಗವನ್ನು ಎತ್ತರಿಸುವುದು ಅಗ್ಗದ ವಿಧಾನ. ಸುರುಳಿಯ ಕಾಲು ಕೆಳತೋಳಿನ ನಡುಭಾಗದಲ್ಲಿ ಊರಿರುವುದರಿಂದ ಸನ್ನೆಗೋಲಿನ ನ್ಯಾಯದಂತೆ ಬಿಲ್ಲೆಯ ದಪ್ಪದ ಹೆಚ್ಚುಕಡಮೆ ಎರಡು ಪಟ್ಟು ಎತ್ತರ ಸಿಗುತ್ತದೆ. ಇದನ್ನರಿಯದೆ ಎರಡು ಅಂಗುಲ ಏರಿಸಬೇಕೆಂದು ಎರಡಂಗುಲದ ಬಿಲ್ಲೆಯನ್ನೇ ಹಾಕಿಸಿ ಪೇಚಿಗೆ ಸಿಲುಕುವವರೂ ಉಂಟು. ಟಾಟಾ ಸುಮೊದಂಥ ಹಳೆಯ ಗಾಡಿಗಳಲ್ಲಿ ಸುರುಳಿಯ ಬದಲು ಟಾರ್ಷನ್ ಬಾರ್ ಎಂಬ ತಿರುಚುವ ಸರಳಿದ್ದು, ಅದರ ತುದಿಯ ಬೋಲ್ಟನ್ನು ಬಿಗಿದರೆ ಮುಂಭಾಗ ಮೇಲೇಳುತ್ತದೆ.

ಈ ಎರಡು ವಿಧಾನಗಳಲ್ಲಿಯೂ ಸ್ಪ್ರಿಂಗಿನ ಗಡಸುತನ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಬೋಲ್ಟು ಬಿಗಿದ ಮೇಲೆ ಗಾಡಿ ಗಡಸಾಯಿತೆಂದು ಜನ ಹೇಳುವುದಕ್ಕೆ ಕಾರಣವೇ ಬೇರೆ. ಗಾಲಿಗೆ ಮೇಲಕ್ಕೇರಲೂ ಕೆಳಕ್ಕಿಳಿಯಲೂ ಇಂತಿಷ್ಟೇ ಎಂಬ ಅವಕಾಶವಿರುತ್ತದೆ. ಮುಂಭಾಗವನ್ನು ಎತ್ತರಿಸಿದಷ್ಟೂ ಗಾಲಿ ಮೊದಲೇ ಕೆಳಗಿಳಿದು ನಿಂತಂತಾಗಿ, ಹೊಂಡಕ್ಕೆ ಇಳಿಯಬೇಕಾದಾಗ ಅದಕ್ಕೆ ಜಾಗ ಸಾಲದೆ ತಡೆಗೆ ‘ಧಡ್’ ಎಂದು ಬಡಿಯುತ್ತದೆ. ಆ ಪೆಟ್ಟು ನೇರವಾಗಿ ಆಸನಕ್ಕೆ, ಆಸನದಿಂದ ಸೊಂಟಕ್ಕೆ. ಬೆನ್ನುನೋವು ಕಳೆಯಲೆಂದು ಮಾಡಿಸಿದ್ದು ಬೆನ್ನುನೋವನ್ನು ತರಿಸುವುದು ಹೀಗೆ.

ಇನ್ನೊಂದು ಬಗೆಯ ಗಾಡಿಯೂ ಉಂಟು: ಹತ್ತಾರು ವರ್ಷ ದುಡಿದು ಮುಂದಿನ ಸ್ಪ್ರಿಂಗುಗಳು ಸೋತು, ತಯಾರಕರು ಇಟ್ಟಿದ್ದಕ್ಕಿಂತಲೂ ಕೆಳಗೆ ಕುಸಿದು ನಿಂತಿರುವುದು. ಇದನ್ನು ಮೊದಲಿನ ಎತ್ತರಕ್ಕೆ ತರುವುದು ಅಲಂಕಾರವಲ್ಲ, ಚಿಕಿತ್ಸೆ. ಇದಕ್ಕೆ ಬಿಲ್ಲೆ ಬೇಡ. ಹೊಸ ಸ್ಪ್ರಿಂಗು, ಹೊಸ ಶಾಕ್ ಅಬ್ಸಾರ್ಬರ್, ಹೊಸ ರಬ್ಬರ್ ಬುಷ್ ಇಷ್ಟು ಬೇಕು. ಚಾಲಕನ ಬೆನ್ನಿಗೆ ನಿಜವಾದ ನೆಮ್ಮದಿ ಸಿಗುವುದು ಬಹುಪಾಲು ಇಲ್ಲಿಯೇ, ಮತ್ತು ಟೈರಿನ ಗಾಳಿಯನ್ನು ಸರಿಯಾಗಿಟ್ಟುಕೊಳ್ಳುವುದರಲ್ಲಿ.

ಯಾವ ಕೆಲಸಕ್ಕೂ ಮೊದಲು ಅಳತೆ ತೆಗೆಯಬೇಕು. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ನಾಲ್ಕೂ ಗಾಲಿಗಳ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗಿನ ಎತ್ತರವನ್ನು ಬರೆದಿಟ್ಟುಕೊಂಡರೆ, ಮೂತಿ ನಿಜಕ್ಕೂ ಎಷ್ಟು ತಗ್ಗಿದೆ, ಎಡಬಲಗಳಲ್ಲಿ ಭೇದವಿದೆಯೇ ಎಂಬುದು ತಿಳಿಯುತ್ತದೆ. ಹಿಂದುಮುಂದಿನ ವ್ಯತ್ಯಾಸವನ್ನು ಪೂರ್ತಿ ಅಳಿಸದೆ ಸ್ವಲ್ಪ ಉಳಿಸುವುದು ಜಾಣತನ. ಆಗಾಗ ಸರಕು ಹೇರುವ ಗಾಡಿಯಾದರೆ ಎತ್ತರಿಸುವ ಯೋಚನೆಯನ್ನೇ ಬಿಡುವುದು ಲೇಸು; ಭಾರ ಬಿದ್ದಾಗ ಹಿಂಭಾಗ ಕುಗ್ಗಿ ಮೂತಿ ಆಕಾಶ ನೋಡತೊಡಗುತ್ತದೆ, ಸ್ಟಿಯರಿಂಗ್ ಹಗುರಾಗುತ್ತದೆ. ಹಿಂಭಾಗವನ್ನೂ ಜೊತೆಗೆ ಎತ್ತಿಸುವವರು ಮತ್ತೊಂದನ್ನು ಗಮನಿಸಬೇಕು. ಹಲವು ಪಿಕ್‌ಅಪ್‌ಗಳಲ್ಲಿ ಹಿಂಭಾಗ ಎಷ್ಟು ಕುಗ್ಗಿದೆಯೆಂಬುದನ್ನು ನೋಡಿ ಹಿಂದಿನ ಬ್ರೇಕಿನ ಒತ್ತಡವನ್ನು ನಿರ್ಧರಿಸುವ ಕವಾಟವೊಂದಿರುತ್ತದೆ. ಹಿಂದೆ ಎತ್ತರಿಸಿ ಅದನ್ನು ಸರಿಹೊಂದಿಸದಿದ್ದರೆ, ಗಾಡಿ ತುಂಬಿದ್ದರೂ ಬರಿದೆಂದೇ ಭಾವಿಸಿ ಅದು ಬ್ರೇಕನ್ನು ಕಡಿಮೆ ಮಾಡುತ್ತದೆ.

ಕೆಲಸ ಮಾಡುವವನ ಪ್ರಾಣದ ಮಾತೂ ಇಲ್ಲಿದೆ. ಅದುಮಿಟ್ಟ ಸುರುಳಿ ಸ್ಪ್ರಿಂಗು ಜಾರಿದರೆ ಕೈಯನ್ನಾಗಲಿ ಮುಖವನ್ನಾಗಲಿ ಉಳಿಸುವುದಿಲ್ಲ. ಬರಿಯ ಜಾಕಿಯನ್ನು ನಂಬಿ ಗಾಡಿಯಡಿ ನುಸುಳುವುದು, ಎಷ್ಟೇ ಪಳಗಿದ ಮಿಸ್ತ್ರಿಯಾದರೂ, ಹುಚ್ಚು ಸಾಹಸ, ಗಟ್ಟಿಯಾದ ಸ್ಟ್ಯಾಂಡುಗಳಿರಲೇಬೇಕು. ರಬ್ಬರ್ ಬುಷ್‌ಗಳ ಬೋಲ್ಟುಗಳನ್ನು ಕೊನೆಯದಾಗಿ ಬಿಗಿಯುವುದು ಗಾಲಿಗಳು ನೆಲಕ್ಕೆ ತಾಗಿ ಗಾಡಿ ತನ್ನ ಭಾರದಲ್ಲಿ ನಿಂತ ಮೇಲೆಯೇ. ಇಲ್ಲದಿದ್ದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಎತ್ತರ ಬದಲಾದೊಡನೆ ಗಾಲಿಗಳ ಓಲೂ ದಿಕ್ಕೂ ಬದಲಾಗುವುದರಿಂದ ಅಲೈನ್‌ಮೆಂಟನ್ನು ಅಂದೇ ಮಾಡಿಸಬೇಕು, ಕೆಲವು ನೂರು ಕಿಲೋಮೀಟರು ಓಡಿದ ಮೇಲೆ ಮತ್ತೊಮ್ಮೆ ನೋಡಿಸಬೇಕು.

ಕಾನೂನಿನ ಮಾತನ್ನೂ ಮರೆಯಲಾಗದು. 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣದಂತೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಂದ ಭಿನ್ನವಾಗುವಂತೆ ಒಡೆಯನು ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಹಣ ತೆರುವ ಮುನ್ನ ಆರ್.ಟಿ.ಓ. ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ವಿಚಾರಿಸಿ ಲಿಖಿತವಾಗಿಯೇ ಉತ್ತರ ಪಡೆಯುವುದು ಕ್ಷೇಮ. ಮನೆಯಲ್ಲಿ ಮಂಡಿನೋವಿನ ಹಿರಿಯರಿದ್ದರೆ, ಮೆಟ್ಟಿಲು ಎರಡಂಗುಲ ಮೇಲಾಗುವುದನ್ನು ಅವರ ಹತ್ತಿರವೂ ಒಂದು ಮಾತು ಕೇಳಬೇಡವೇ?

ಕೊನೆಯದು ಹೆಡ್‌ಲೈಟಿನ ವಿಚಾರ. ಇದನ್ನು ಬಹುಮಂದಿ ಕಡೆಗಣಿಸುತ್ತಾರೆ, ಇದರ ಫಲವನ್ನು ಉಣ್ಣುವವರೋ ಎದುರಿನಿಂದ ಬರುವವರು. ಮುಂದಿನ ಹಿಂದಿನ ಗಾಲಿಗಳ ನಡುವಣ ಅಂತರ 3 ಮೀಟರಿರುವ ಗಾಡಿಯ ಮುಂಭಾಗವನ್ನು 4 ಸೆಂಟಿಮೀಟರು ಎತ್ತಿದರೆ ದೀಪದ ಬೆಳಕು ಪ್ರತಿ ಮೀಟರಿಗೆ 1.3 ಸೆಂಟಿಮೀಟರಿನಷ್ಟು ಮೇಲಕ್ಕೆ ತಿರುಗುತ್ತದೆ. ಡಿಮ್ ಬೆಳಕನ್ನು ಸಾಮಾನ್ಯವಾಗಿ ಮೀಟರಿಗೆ ಒಂದು ಸೆಂಟಿಮೀಟರಿನಷ್ಟು ಕೆಳಕ್ಕೆ ಬಾಗಿಸಿಟ್ಟಿರುತ್ತಾರೆ. ಆ ಬಾಗು ಪೂರ್ತಿ ಅಳಿದು, ರಸ್ತೆಗೆ ಬೀಳಬೇಕಾದ ಬೆಳಕು 25 ಮೀಟರು ದೂರದಲ್ಲಿ ಮೊದಲಿಗಿಂತ 33 ಸೆಂಟಿಮೀಟರು ಮೇಲೇರಿ ಸೈಕಲ್ಲಿನವನ, ಸ್ಕೂಟರಿನವನ ಕಣ್ಣಿಗೇ ರಾಚುತ್ತದೆ. ನಾಗಪುರದಿಂದ ಹೈದರಾಬಾದಿನ ಮೂಲಕ ಬೆಂಗಳೂರಿಗೆ ಹೋಗುವ 44ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ರಾತ್ರಿ ಪಯಣಿಸಿದವರಿಗೆ ಆ ಕುರುಡುಗತ್ತಲೆಯ ಕ್ಷಣ ಹೊಸದಲ್ಲ. ವಯಸ್ಸಾದವರ ಕಣ್ಣು ಅದರಿಂದ ಚೇತರಿಸಿಕೊಳ್ಳಲು ಇನ್ನಷ್ಟು ಹೊತ್ತು ಬೇಕು. ಪರಿಹಾರ ಮಾತ್ರ ಬಹಳ ಸುಲಭ. ಗ್ಯಾರೇಜಿಗೆ ಬಿಡುವ ಮುನ್ನ ಒಂದು ಸಂಜೆ ಗಾಡಿಯನ್ನು ಮನೆಯ ಗೋಡೆಗೆದುರಾಗಿ ನಿಲ್ಲಿಸಿ, ಬೆಳಕಿನ ಮೇಲಂಚು ಬಿದ್ದೆಡೆ ಸೀಮೆಸುಣ್ಣದಿಂದ ಗೆರೆಯೆಳೆದು, ಗಾಡಿ ನಿಂತ ಜಾಗವನ್ನೂ ಗುರುತು ಹಾಕಿಡುವುದು. ಕೆಲಸ ಮುಗಿಸಿ ಬಂದ ರಾತ್ರಿ ಅದೇ ಜಾಗದಲ್ಲಿ ನಿಲ್ಲಿಸಿ ನೋಡಿದರೆ ಬೆಳಕು ಗೆರೆಯಿಂದೆಷ್ಟು ಏರಿದೆಯೆಂಬುದು ಕಾಣುತ್ತದೆ. ದೀಪದ ಹಿಂಬದಿಯ ತಿರುಪನ್ನು ತಿರುಗಿಸಿ ಅದನ್ನು ಕೆಳಗಿಳಿಸಲು ಹತ್ತು ನಿಮಿಷವೂ ಹಿಡಿಯದು.